ಪರ್ವತಿಥಿಯೂ ವಾರದ ರಜೆಯೂ

ಶ್ರಾವಕರ ಮನೆಯ ಗೋಡೆಯ ಮೇಲಿನ ದಿನದರ್ಶಿಕೆಯಲ್ಲಿ ಎರಡು ಎಣಿಕೆಗಳು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಒಂದು ವಾರದ ಎಣಿಕೆ. ಇನ್ನೊಂದು ತಿಥಿಯ ಎಣಿಕೆ. ಕಛೇರಿ, ಶಾಲೆ, ಬ್ಯಾಂಕು, ಕಾರ್ಖಾನೆಗಳು ಮೊದಲನೆಯದನ್ನು ಅನುಸರಿಸಿ ನಡೆಯುತ್ತವೆ. ಬಸದಿಯ ಪರ್ವಪೂಜೆ, ವ್ರತ, ನೋಂಪಿ, ಉಪವಾಸಗಳು ಎರಡನೆಯದನ್ನು ಅನುಸರಿಸುತ್ತವೆ. ಇವೆರಡೂ ಒಂದೇ ದಿನದಲ್ಲಿ ಕೂಡುವುದು ಅಪರೂಪ. ಅಷ್ಟಮಿಯು ಬುಧವಾರ ಬಂದರೆ ನೌಕರಿಯಲ್ಲಿರುವ ಶ್ರಾವಕನು ಏನು ಮಾಡಬೇಕು? ಚತುರ್ದಶಿಯ ದಿನವೇ ಮಗಳಿಗೆ ಪರೀಕ್ಷೆಯಿದ್ದರೆ ತಾಯಿಯು ಏನು ಹೇಳಬೇಕು? ಉಪವಾಸವನ್ನು ಮುಂದಿನ ಭಾನುವಾರಕ್ಕೆ ಸರಿಸಿದರೆ ವ್ರತವು ನಿಲ್ಲುವುದೋ, ಕೆಡುವುದೋ? ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆಗಳು ಏಳುತ್ತಿವೆ. ಇವುಗಳಿಗೆ ಉತ್ತರ ಹುಡುಕುವ ಮೊದಲು ವಾರದ ರಜೆ ಎಂದರೇನು, ಪರ್ವ ಎಂದರೇನು ಎಂಬುದನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯಕ.

ವಾರದ ಎಣಿಕೆ ಬಂದ ಬಗೆ

ಏಳು ದಿನಗಳ ವಾರಕ್ಕೆ ಆಕಾಶದಲ್ಲಿ ನೇರವಾದ ಆಧಾರವಿಲ್ಲ. ಹಗಲು ರಾತ್ರಿಗಳಿಗೆ ಸೂರ್ಯನೂ, ಪಕ್ಷ ಮಾಸಗಳಿಗೆ ಚಂದ್ರನೂ ಕಾರಣರು. ವಾರವಾದರೋ ಏಳು ಗ್ರಹಗಳ ಹೆಸರನ್ನು ಸರದಿಯಾಗಿ ದಿನಗಳಿಗೆ ಇಟ್ಟ ಎಣಿಕೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಕಾಣಿಸಿಕೊಳ್ಳುವುದು ತಡವಾಗಿ. ಮಧ್ಯಪ್ರದೇಶದ ಏರಣ್ ಎಂಬಲ್ಲಿ ಗುಪ್ತರ ಬುಧಗುಪ್ತನ ಕಾಲದ ಸ್ತಂಭಶಾಸನವು ಗುಪ್ತ ಸಂವತ್ಸರ ೧೬೫ರ, ಎಂದರೆ ಕ್ರಿ.ಶ. ೪೮೪ರ, ಆಷಾಢ ಶುಕ್ಲ ದ್ವಾದಶಿ ಗುರುವಾರವನ್ನು ಹೇಳುತ್ತದೆ. ವಾರವನ್ನು ಹೆಸರಿಸುವ ಅತ್ಯಂತ ಹಳೆಯ ಭಾರತೀಯ ಶಾಸನಗಳಲ್ಲಿ ಇದೇ ಮುಖ್ಯವಾದುದು. ಅನಂತರದ ಕನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವನ್ನೂ ಹೇಳುವುದು ರೂಢಿಯಾಯಿತು. ಆದರೂ ವಾರಕ್ಕೊಂದು ದಿನ ಎಲ್ಲರೂ ಕೆಲಸ ನಿಲ್ಲಿಸಬೇಕೆಂಬ ನಿಯಮವು ಆಗ ಇರಲಿಲ್ಲ.

ವಾರದಲ್ಲಿ ಒಂದು ದಿನವನ್ನು ಧರ್ಮಕ್ಕಾಗಿ ಬೇರ್ಪಡಿಸುವ ಪದ್ಧತಿ ಪಶ್ಚಿಮ ಏಷ್ಯದ ಮತಗಳಲ್ಲಿ ಬೆಳೆಯಿತು. ಯಹೂದ್ಯರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸಂಜೆಯವರೆಗೆ ಸಬ್ಬತ್ತನ್ನು ಆಚರಿಸುತ್ತಾರೆ. ಆ ದಿನ ಮಾಡಬಾರದ ಕೆಲಸಗಳನ್ನು ಅವರ ಶಾಸ್ತ್ರಜ್ಞರು ೩೯ ವರ್ಗಗಳಾಗಿ ಎಣಿಸಿದ್ದಾರೆ. ಉಳುವುದು, ಬಿತ್ತುವುದು, ಬೀಸುವುದು, ಬೆಂಕಿ ಹೊತ್ತಿಸುವುದು ಮೊದಲಾದವು ಅದರಲ್ಲಿ ಸೇರಿವೆ. ಕ್ರೈಸ್ತರಿಗೆ ಭಾನುವಾರವು ಪ್ರಾರ್ಥನೆಯ ದಿನ. ಕ್ರಿ.ಶ. ೩೨೧ರಲ್ಲಿ ರೋಮಿನ ಸಾಮ್ರಾಟ ಕಾನ್‌ಸ್ಟಂಟೈನನು ಪಟ್ಟಣಗಳ ನ್ಯಾಯಸ್ಥಾನಗಳೂ ಕಾರ್ಯಾಗಾರಗಳೂ ಭಾನುವಾರ ಮುಚ್ಚಿರಬೇಕೆಂದು ಆಜ್ಞೆ ಹೊರಡಿಸಿದನು. ಹೊಲದ ಕೆಲಸವು ಹವೆಯನ್ನು ಅವಲಂಬಿಸಿರುವುದರಿಂದ ಕೃಷಿಕರಿಗೆ ಅದರಲ್ಲಿ ವಿನಾಯಿತಿಯಿತ್ತು. ಇಸ್ಲಾಮಿನಲ್ಲಿ ಶುಕ್ರವಾರ ಮಧ್ಯಾಹ್ನದ ಸಾಮೂಹಿಕ ಪ್ರಾರ್ಥನೆಯ ಕರೆ ಕೇಳಿದಾಗ ವ್ಯಾಪಾರವನ್ನು ಬಿಡಬೇಕು; ಪ್ರಾರ್ಥನೆ ಮುಗಿದ ಮೇಲೆ ಜೀವನೋಪಾಯಕ್ಕೆ ಮರಳಬಹುದು.

ನಮ್ಮ ದೇಶದ ಭಾನುವಾರದ ರಜೆಯು ಒಂದು ಮತದ ಪದ್ಧತಿಯಾಗಿ ಬ್ರಿಟಿಷರೊಡನೆ ಬಂದಿತು. ಆದರೆ ದುಡಿಯುವ ಜನರಿಗೆ ಅದು ತಾನಾಗಿ ದೊರೆಯಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರು ವಾರದ ಬಿಡುವಿಲ್ಲದೆ ದುಡಿಯುತ್ತಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ೧೮೮೪ರಿಂದ ಅವರನ್ನು ಸಂಘಟಿಸಿ ವಾರಕ್ಕೊಂದು ರಜೆಯನ್ನು ಕೇಳಿದರು. ೧೮೯೦ರಲ್ಲಿ ಗಿರಣಿಗಳ ಒಡೆಯರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ಬಿಡುವಿಗೆ ಸ್ಥಾನ ದೊರೆಯಿತು. ಸ್ವಾತಂತ್ರ್ಯಾನಂತರದ ೧೯೪೮ರ ಕಾರ್ಖಾನೆ ಕಾಯಿದೆಯು ವಾರಕ್ಕೆ ೪೮ ಗಂಟೆಗಳ ದುಡಿಮೆಯ ಮಿತಿಯನ್ನೂ ಒಂದು ದಿನದ ರಜೆಯನ್ನೂ ವಿಧಿಸಿತು. ಆದುದರಿಂದ ಭಾನುವಾರವನ್ನು ಪರಕೀಯರ ದಿನವೆಂದು ತಿರಸ್ಕರಿಸುವುದು ಸರಿಯಲ್ಲ. ದುಡಿದು ದಣಿದ ದೇಹಕ್ಕೆ ಬಿಡುವು ಕೊಡುವುದು ದಯೆಯೇ ಆಗಿದೆ. ಆಳುಗಳ ಮೇಲೂ ಎತ್ತುಗಳ ಮೇಲೂ ಮಿತಿಮೀರಿದ ಭಾರ ಹೊರಿಸುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದೆಂದು ನಮ್ಮ ಆಚಾರ್ಯರು ಎಂದೋ ಹೇಳಿದ್ದಾರೆ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡದಿರುವ ರೂಢಿಯ ಹಿಂದೆಯೂ ಇಂಥ ದಯೆಯೇ ಇದೆ.

ತಿಥಿಯ ಎಣಿಕೆ

ಪರ್ವದ ಎಣಿಕೆ ಇದಕ್ಕಿಂತ ಭಿನ್ನ. ಚಂದ್ರನು ಸೂರ್ಯನಿಂದ ೧೨ ಅಂಶಗಳಷ್ಟು ದೂರ ಸರಿಯುವ ಕಾಲವೇ ಒಂದು ತಿಥಿ. ಚಂದ್ರನ ಗತಿಯು ಒಂದೇ ಸಮನಾಗಿಲ್ಲದ ಕಾರಣ ತಿಥಿಯು ಸುಮಾರು ೨೦ ಗಂಟೆಗಳಿಂದ ೨೬ ಗಂಟೆಗಳಿಗೂ ಮೀರಿ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಿಂದಲೇ ತಿಥಿಗಳಿಗೆ ವೃದ್ಧಿಯೂ ಕ್ಷಯವೂ ಉಂಟಾಗುತ್ತವೆ. ಸೂರ್ಯೋದಯಾನಂತರ ಆರು ಘಳಿಗೆಗಳಷ್ಟಾದರೂ, ಎಂದರೆ ೨ ಗಂಟೆ ೨೪ ನಿಮಿಷಗಳಷ್ಟಾದರೂ, ಇರುವ ತಿಥಿಯನ್ನು ವ್ರತಕ್ಕೆ ಗ್ರಹಿಸುವುದು ದಿಗಂಬರ ಪದ್ಧತಿ. ಸಾಮಾನ್ಯ ದಿನದರ್ಶಿಕೆಯ ಅಷ್ಟಮಿಗೂ ಜೈನ ಪಂಚಾಂಗದ ಅಷ್ಟಮಿಗೂ ಒಮ್ಮೊಮ್ಮೆ ಒಂದು ದಿನದ ಅಂತರ ಕಾಣುವುದಕ್ಕೆ ಇದೇ ಕಾರಣ.

ಚಂದ್ರನ ಕಲೆಗಳನ್ನು ಅನುಸರಿಸಿ ಉಪವಾಸ ಮಾಡುವುದು ಭಾರತದ ಅತಿ ಪ್ರಾಚೀನ ಆಚಾರ. ವೈದಿಕರಲ್ಲಿ ಅಮಾವಾಸ್ಯೆ ಪೂರ್ಣಿಮೆಗಳ ಯಾಗಕ್ಕೆ ಹಿಂದಿನ ದಿನವನ್ನು ಉಪವಸಥವೆಂದು ಕರೆಯುತ್ತಿದ್ದರು. ಪ್ರಾಕೃತದ ಪೋಸಹ, ಪಾಲಿಯ ಉಪೋಸಥ ಎಂಬ ಶಬ್ದಗಳು ಅದೇ ಕುಲದವು. ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ: ಅನ್ಯತೀರ್ಥಿಕ ಪರಿವ್ರಾಜಕರು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನಗಳಲ್ಲಿ ಸೇರಿ ಧರ್ಮವನ್ನು ಹೇಳುವುದನ್ನೂ ಜನರು ಅದರಿಂದ ಅವರಲ್ಲಿ ಶ್ರದ್ಧೆ ತಾಳುವುದನ್ನೂ ಮಗಧದ ರಾಜ ಬಿಂಬಿಸಾರನು ಕಂಡು, ಬುದ್ಧನ ಸಂಘವೂ ಹಾಗೆ ಸೇರಲೆಂದು ಸೂಚಿಸಿದನಂತೆ. ಶ್ರಮಣರಲ್ಲಿ ಈ ದಿನಗಳ ಆಚರಣೆ ಎಷ್ಟು ಹಳೆಯದೆಂಬುದಕ್ಕೆ ಅನ್ಯಮತದ ಗ್ರಂಥವೇ ಇಲ್ಲಿ ಸಾಕ್ಷಿಯಾಗಿದೆ.

ದಿಗಂಬರ ಶ್ರಾವಕನಿಗೆ ಮಾಸದಲ್ಲಿ ನಾಲ್ಕು ಪರ್ವಗಳು: ಎರಡು ಅಷ್ಟಮಿ, ಎರಡು ಚತುರ್ದಶಿ. ಅಷ್ಟಮಿಯಿಂದ ಚತುರ್ದಶಿಗೆ ಆರು ತಿಥಿಗಳು. ಚತುರ್ದಶಿಯಿಂದ ಮುಂದಿನ ಅಷ್ಟಮಿಗೆ ಒಂಬತ್ತು. ಹೀಗೆ ಒಮ್ಮೆ ಹತ್ತಿರ, ಒಮ್ಮೆ ದೂರವಾಗಿ ಪರ್ವಗಳು ಬರುತ್ತವೆ. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ, ಭಾದ್ರಪದದ ಷೋಡಶಕಾರಣ, ದಶಲಕ್ಷಣಗಳು ನೈಮಿತ್ತಿಕ ಪರ್ವಗಳು. ಅಧಿಕಮಾಸವಿಲ್ಲದ ವರ್ಷದಲ್ಲಿ ೧೨ ಮಾಸಗಳಿಗೆ ನಾಲ್ಕರಂತೆ ೪೮ ಪರ್ವದಿನಗಳು. ಏಳರಲ್ಲಿ ಒಂದರಂತೆ ಲೆಕ್ಕ ಹಾಕಿದರೆ ಇವುಗಳಲ್ಲಿ ಭಾನುವಾರ ಬರುವವು ವರ್ಷಕ್ಕೆ ಸುಮಾರು ಏಳು. ರಜೆಯಿದ್ದಾಗ ಮಾತ್ರ ವ್ರತ ಮಾಡುವೆನೆನ್ನುವವನಿಗೆ ಉಳಿದ ನಲವತ್ತೊಂದು ಪರ್ವಗಳು ಕೈತಪ್ಪಿ ಹೋಗುತ್ತವೆ.

ಲಂಕೆಯ ಪ್ರಯೋಗ

ವಾರವನ್ನೇ ಬಿಟ್ಟು ತಿಥಿಯನ್ನು ಅನುಸರಿಸಿ ದೇಶಕ್ಕೆಲ್ಲ ರಜೆ ಕೊಟ್ಟರೆ ಹೇಗೆ? ಈ ಪ್ರಯೋಗವು ನೆರೆಯ ಲಂಕೆಯಲ್ಲಿ ನಡೆದಿದೆ. ಆಗ ಸಿಲೋನ್ ಎನಿಸಿದ್ದ ಆ ದೇಶದಲ್ಲಿ ೧೯೬೬ರಲ್ಲಿ ಶನಿವಾರ ಭಾನುವಾರಗಳ ರಜೆಯನ್ನು ತೆಗೆದು, ಬೌದ್ಧರ ಪೋಯ ದಿನಗಳನ್ನು, ಎಂದರೆ ಪೂರ್ಣಿಮೆ, ಅಮಾವಾಸ್ಯೆ ಹಾಗೂ ನಡುವಿನ ಎರಡು ಅಷ್ಟಮಿಗಳನ್ನು, ಪೂರ್ಣ ರಜೆಯಾಗಿಯೂ ಅವುಗಳ ಹಿಂದಿನ ದಿನವನ್ನು ಅರ್ಧ ರಜೆಯಾಗಿಯೂ ಗೊತ್ತುಪಡಿಸಿದರು. ಚಂದ್ರನ ಗತಿಯಿಂದಾಗಿ ಎರಡು ರಜೆಗಳ ನಡುವಿನ ಅಂತರವು ಹೆಚ್ಚು ಕಡಿಮೆಯಾಗುತ್ತಿತ್ತು. ಹೊರದೇಶಗಳೊಡನೆ ವ್ಯಾಪಾರ ನಡೆಸುವ ಬ್ಯಾಂಕು, ಬಂದರುಗಳಿಗೆ ಇತರರು ಕೆಲಸ ಮಾಡುವ ದಿನ ತಮಗೆ ರಜೆ, ತಾವು ಕೆಲಸ ಮಾಡುವ ದಿನ ಇತರರಿಗೆ ರಜೆ ಎಂಬಂತಾಯಿತು. ೧೯೭೧ರಲ್ಲಿ ಶನಿವಾರ ಭಾನುವಾರಗಳ ರಜೆಯು ಮರಳಿ ಬಂದಿತು. ಆದರೆ ಪೂರ್ಣಿಮೆಯ ಪೋಯ ದಿನವು ಇಂದಿಗೂ ಅಲ್ಲಿ ಸಾರ್ವಜನಿಕ ರಜೆಯಾಗಿ ಉಳಿದಿದೆ.

ಬೌದ್ಧರೇ ಬಹುಸಂಖ್ಯಾತರಾದ ದೇಶದಲ್ಲಿಯೂ ಸರಕಾರದ ಆಜ್ಞೆಯಿಂದ ತಿಥಿಯ ರಜೆಯು ಐದಾರು ವರ್ಷಗಳಿಗಿಂತ ಹೆಚ್ಚು ನಿಲ್ಲಲಿಲ್ಲ. ಭಾರತದಲ್ಲಿ ಜೈನರು ಅಲ್ಪಸಂಖ್ಯಾತರು. ವರ್ಷಕ್ಕೊಮ್ಮೆ ಮಹಾವೀರ ಜಯಂತಿಗೆ ಸಾರ್ವಜನಿಕ ರಜೆಯುಂಟು. ಪ್ರತಿ ಅಷ್ಟಮಿ ಚತುರ್ದಶಿಗಳಿಗೆ ರಾಜ್ಯವು ಬಾಗಿಲು ಮುಚ್ಚಲೆಂದು ಯಾರೂ ನಿರೀಕ್ಷಿಸಲಾರರು, ನಿರೀಕ್ಷಿಸಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ನಮ್ಮ ಪರ್ವವು ಮತ್ತೊಬ್ಬರು ಕೊಡುವ ರಜೆಯಾಗಿ ಎಂದೂ ಇರಲಿಲ್ಲ. ಅದು ಶ್ರಾವಕನು ತಾನೇ ಕೈಕೊಳ್ಳುವ ವ್ರತ.

ವಿಶ್ರಾಂತಿಯಲ್ಲ, ನಿವೃತ್ತಿ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಶೀಲವ್ರತಗಳನ್ನು ಎಣಿಸುವಾಗ ಸಾಮಾಯಿಕದ ಬಳಿಕ ಪ್ರೋಷಧೋಪವಾಸವನ್ನು ಹೇಳಿದ್ದಾರೆ. ಇದು ಶಿಕ್ಷಾವ್ರತಗಳಲ್ಲಿ ಒಂದು. ಮುನಿಜೀವನದ ಶಿಕ್ಷಣವನ್ನು ಗೃಹಸ್ಥನು ಮನೆಯಲ್ಲಿದ್ದುಕೊಂಡೇ ಅಲ್ಪಕಾಲ ಪಡೆಯುವುದರಿಂದ ಇದಕ್ಕೆ ಆ ಹೆಸರು.

ಈ ಶಬ್ದವನ್ನು ಆಚಾರ್ಯರು ಎರಡು ಬಗೆಯಾಗಿ ಬಿಡಿಸಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ಹೊತ್ತಿನ ಊಟವೇ ಪ್ರೋಷಧ, ನಾಲ್ಕು ವಿಧದ ಆಹಾರಗಳ ತ್ಯಾಗವೇ ಉಪವಾಸ ಎಂದು ವಿವರಿಸುತ್ತಾರೆ. ಪೂಜ್ಯಪಾದಸ್ವಾಮಿಗಳು ಸರ್ವಾರ್ಥಸಿದ್ಧಿಯಲ್ಲಿ ಪ್ರೋಷಧವೆಂದರೆ ಪರ್ವವೆಂದೂ, ಶಬ್ದಾದಿ ವಿಷಯಗಳಲ್ಲಿ ಉತ್ಸುಕತೆಯನ್ನು ತೊರೆದು ಐದು ಇಂದ್ರಿಯಗಳೂ ಒಳಗೆ ಬಂದು ನೆಲೆಸುವುದೇ ಉಪವಾಸವೆಂದೂ ತಿಳಿಸುತ್ತಾರೆ. ಮೊದಲನೆಯದು ಹೊಟ್ಟೆಯ ನಿಯಮವನ್ನು ಮುಂದಿಡುತ್ತದೆ. ಎರಡನೆಯದು ಇಂದ್ರಿಯಗಳ ನಿಯಮವನ್ನು. ಎರಡೂ ಕೂಡಿದಾಗಲೇ ವ್ರತವು ಪೂರ್ಣ. ಊಟ ಬಿಟ್ಟು ದಿನವಿಡೀ ದೂರದರ್ಶನದ ಮುಂದೆಯೋ ಮೊಬೈಲು ಫೋನಿನ ಮುಂದೆಯೋ ಕುಳಿತವನಿಗೆ ಪೂಜ್ಯಪಾದರ ಅರ್ಥದಲ್ಲಿ ಉಪವಾಸವು ಆರಂಭವೇ ಆಗಿಲ್ಲವೆನ್ನಬೇಕು.

ಉಪವಾಸದ ದಿನ ಬಿಡಬೇಕಾದವುಗಳನ್ನು ಸಮಂತಭದ್ರರು ಹೇಳುವಾಗ ಐದು ಪಾಪಗಳು, ಅಲಂಕಾರ, ಗಂಧ, ಪುಷ್ಪ ಮೊದಲಾದವುಗಳ ಜೊತೆಗೆ ಆರಂಭವನ್ನೂ ಹೆಸರಿಸಿದ್ದಾರೆ. ಇಲ್ಲಿ ಆರಂಭವೆಂದರೆ ತೊಡಗುವುದು ಎಂಬ ಸಾಮಾನ್ಯ ಅರ್ಥವಲ್ಲ. ಜೀವಹಿಂಸೆಗೆ ಎಡೆಗೊಡುವ ಎಲ್ಲ ಉದ್ಯೋಗವೂ ಆರಂಭ. ಉಳುವುದು, ಬೇಯಿಸುವುದು, ಅರೆಯುವುದು, ಕೊಳ್ಳುವುದು, ಮಾರುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಭಗವಾನ್ ವೃಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಉಪದೇಶಿಸಿದನು. ಗೃಹಸ್ಥನು ಅವುಗಳಿಂದ ಬದುಕಬೇಕಾದುದೇ ಸರಿ. ಆದರೆ ಆ ದುಡಿಮೆಯಲ್ಲಿ ತಪ್ಪದೆ ಕೂಡಿಬರುವ ಹಿಂಸೆಯಿಂದ ಮಾಸಕ್ಕೆ ನಾಲ್ಕು ದಿನವಾದರೂ ಹಿಂಜರಿಯಲೆಂಬುದೇ ಪರ್ವದ ಉದ್ದೇಶ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದರ ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಪರ್ವದ ಹಿಂದಿನ ದಿನ ಮಧ್ಯಾಹ್ನ ಆರಂಭಗಳನ್ನೆಲ್ಲ ಬಿಟ್ಟು ಉಪವಾಸವನ್ನು ಸ್ವೀಕರಿಸಬೇಕು. ಏಕಾಂತದಲ್ಲಿ ಧರ್ಮಧ್ಯಾನದಿಂದ ಆ ಹಗಲನ್ನೂ, ಸ್ವಾಧ್ಯಾಯದಿಂದ ನಿದ್ರೆಯನ್ನು ಗೆದ್ದು ಆ ರಾತ್ರಿಯನ್ನೂ ಕಳೆಯಬೇಕು. ಪರ್ವದ ದಿನ ಪ್ರಾಸುಕ ದ್ರವ್ಯಗಳಿಂದ ಜಿನಪೂಜೆ ಮಾಡಿ, ಅದೇ ರೀತಿಯಾಗಿ ಆ ಹಗಲು ರಾತ್ರಿಗಳನ್ನೂ ಮೂರನೆಯ ದಿನದ ಪೂರ್ವಾರ್ಧವನ್ನೂ ಕಳೆಯಬೇಕು. ಹಿಂದಿನ ದಿನದ ಎರಡು ಪ್ರಹರ, ರಾತ್ರಿಯ ನಾಲ್ಕು, ಪರ್ವದ ಹಗಲಿನ ನಾಲ್ಕು, ರಾತ್ರಿಯ ನಾಲ್ಕು, ಮರುದಿನದ ಎರಡು, ಹೀಗೆ ಒಟ್ಟು ಹದಿನಾರು ಪ್ರಹರಗಳು. ಈ ಹದಿನಾರು ಪ್ರಹರಗಳ ಕಾಲ ಸಕಲ ಸಾವದ್ಯದಿಂದ ದೂರವಿರುವ ಗೃಹಸ್ಥನಿಗೆ ಅಷ್ಟು ಹೊತ್ತಿನ ಮಟ್ಟಿಗೆ ಅಹಿಂಸಾವ್ರತವು ಪೂರ್ಣವಾಗುತ್ತದೆಂಬುದು ಅವರ ಅಭಿಪ್ರಾಯ.

ರಜೆಗೂ ಪರ್ವಕ್ಕೂ ಇರುವ ಭೇದವು ಇಲ್ಲಿ ಬೆಳಕಿಗೆ ಬರುತ್ತದೆ. ರಜೆಯಲ್ಲಿ ದೇಹವು ವಿಶ್ರಮಿಸುತ್ತದೆ. ಪರ್ವದಲ್ಲಿ ಆತ್ಮವು ಎಚ್ಚರಗೊಳ್ಳುತ್ತದೆ. ಉಪವಾಸದ ದಿನ ತಂದ್ರೆಯಿಲ್ಲದೆ ಜ್ಞಾನಧ್ಯಾನಗಳಲ್ಲಿ ತೊಡಗಿರಬೇಕೆಂದು ಸಮಂತಭದ್ರರು ವಿಧಿಸಿದ್ದಾರೆ. ಹಸಿದ ಹೊಟ್ಟೆಯಿಂದ ಹಗಲೆಲ್ಲ ಮಲಗಿ ಕಾಲ ನೂಕುವುದು ವ್ರತವಲ್ಲ. ಇನ್ನೊಂದು ಕಡೆ, ಉಪವಾಸ ಮಾಡುತ್ತ ಎಂದಿನಂತೆ ಆರಂಭದಲ್ಲಿ ಮುಳುಗುವವನು ತನ್ನ ದೇಹವನ್ನು ಒಣಗಿಸಿಕೊಳ್ಳುತ್ತಾನೆಯೇ ಹೊರತು ಕರ್ಮದ ಲೇಶವನ್ನೂ ಕೊಡಹಿಕೊಳ್ಳುವುದಿಲ್ಲವೆಂದು ಸ್ವಾಮಿ ಕಾರ್ತಿಕೇಯರು ಅನುಪ್ರೇಕ್ಷೆಯಲ್ಲಿ ಎಚ್ಚರಿಸಿದ್ದಾರೆ. ಇವೆರಡರ ನಡುವೆ ಪ್ರೋಷಧದ ದಾರಿಯಿದೆ.

ಕೆಲಸವನ್ನು ನಿರಾಕರಿಸಿದ ಮಾತಂಗ

ವ್ರತಕ್ಕೂ ವೃತ್ತಿಗೂ ವಿರೋಧ ಬಂದಾಗ ಏನಾಗುವುದೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ದೃಷ್ಟಾಂತವುಂಟು. ಅಹಿಂಸಾಣುವ್ರತದಿಂದ ಪೂಜೆಯನ್ನು ಪಡೆದವನೆಂದು ಸಮಂತಭದ್ರರು ಮಾತಂಗನನ್ನು ಹೆಸರಿಸುತ್ತಾರೆ. ಆತನ ಕಥೆಯನ್ನು ಪ್ರಭಾಚಂದ್ರರ ಟೀಕೆಯು ಹೇಳುತ್ತದೆ. ಆತನ ಹೆಸರು ಯಮಪಾಲ. ವೃತ್ತಿಯಿಂದ ಪೋದನಪುರದ ರಾಜನ ವಧಕಾರ. ಒಮ್ಮೆ ಸರ್ಪದಂಶದಿಂದ ಸತ್ತನೆಂದು ಸ್ಮಶಾನದಲ್ಲಿ ಬಿಸುಟಿದ್ದಾಗ, ಋದ್ಧಿಧಾರಿಗಳಾದ ಮುನಿಯೊಬ್ಬರ ದೇಹವನ್ನು ಸೋಕಿದ ಗಾಳಿಯಿಂದ ಬದುಕಿ, ಅವರಲ್ಲಿ ಒಂದೇ ಒಂದು ವ್ರತವನ್ನು ಪಡೆದಿದ್ದನು: ಚತುರ್ದಶಿಯ ದಿನ ಜೀವವಧೆ ಮಾಡುವುದಿಲ್ಲ.

ನಂದೀಶ್ವರ ಪರ್ವದ ಎಂಟು ದಿನ ಯಾರೂ ಪ್ರಾಣಿವಧೆ ಮಾಡಬಾರದೆಂದು ರಾಜನು ಸಾರಿಸಿದ್ದನು. ರಾಜಕುಮಾರನೇ ಗುಟ್ಟಾಗಿ ಅರಮನೆಯ ಟಗರನ್ನು ಕೊಂದು ತಿಂದನು. ಸುದ್ದಿ ತಿಳಿದ ರಾಜನು ಮಗನಿಗೇ ಮರಣದಂಡನೆ ವಿಧಿಸಿ ವಧಕಾರನನ್ನು ಕರೆಸಿದನು. ಅಂದು ಚತುರ್ದಶಿ. ರಾಜಭಟರು ಬರುವುದನ್ನು ಕಂಡ ಯಮಪಾಲನು, ತಾನು ಗ್ರಾಮಾಂತರಕ್ಕೆ ಹೋದನೆಂದು ಹೇಳುವಂತೆ ಹೆಂಡತಿಗೆ ತಿಳಿಸಿ ಮನೆಯ ಮೂಲೆಯಲ್ಲಿ ಅಡಗಿದನು. ರಾಜಕುಮಾರನ ವಧೆಯಿಂದ ಇಂದು ಎಷ್ಟೊಂದು ಚಿನ್ನ ದೊರೆಯುತ್ತಿತ್ತು, ಆ ನಿರ್ಭಾಗ್ಯನು ಇಂದೇ ಊರಿಗೆ ಹೋಗಬೇಕೆ ಎಂದು ಭಟರು ಆಡಿಕೊಂಡರು. ಅದನ್ನು ಕೇಳಿದ ಹೆಂಡತಿಯು ಬಾಯಲ್ಲಿ ಊರಿಗೆ ಹೋದನೆನ್ನುತ್ತಲೇ ಕೈಯಿಂದ ಮೂಲೆಯನ್ನು ತೋರಿಸಿದಳು. ಹಿಡಿದು ತಂದಾಗಲೂ ಯಮಪಾಲನು ಇಂದು ಚತುರ್ದಶಿ, ತಾನು ಕೊಲ್ಲುವುದಿಲ್ಲ ಎಂದೇ ನುಡಿದನು. ಇಂಥವನಿಗೂ ವ್ರತವುಂಟೇ ಎಂದು ರಾಜನು ಕನಲಿ ಅವನನ್ನು ಕಟ್ಟಿಸಿ ಮೊಸಳೆಗಳ ಮಡುವಿಗೆ ಎಸೆಯಿಸಿದನು. ಜಲದೇವತೆಯು ನೀರಿನ ನಡುವೆ ಅವನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿ ಗೌರವಿಸಿತು; ರಾಜನೂ ಭಯಗೊಂಡು ಸತ್ಕರಿಸಿದನು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಯಮಪಾಲನು ಕುಲದಿಂದಲೂ ವೃತ್ತಿಯಿಂದಲೂ ಲೋಕದ ಕಣ್ಣಿಗೆ ಕಡೆಯವನು. ಆದರೆ ಆಚಾರ್ಯರು ಉದಾಹರಣೆಗೆ ಆರಿಸಿಕೊಂಡುದು ಅವನನ್ನು. ಎರಡನೆಯದಾಗಿ, ಆತನ ವ್ರತವು ಅತ್ಯಂತ ಸಣ್ಣದು. ಹದಿನಾರು ಪ್ರಹರಗಳ ಉಪವಾಸವನ್ನು ಆತ ಮಾಡಲಿಲ್ಲ. ಪಕ್ಷಕ್ಕೊಂದು ದಿನ ತನ್ನ ವೃತ್ತಿಯ ಹಿಂಸೆಯನ್ನು ಬಿಟ್ಟನು. ಆದರೆ ಆ ದಿನವನ್ನು ಅನುಕೂಲಕ್ಕಾಗಿ ಮರುದಿನಕ್ಕೆ ಸರಿಸಲಿಲ್ಲ. ಸರಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮೂರನೆಯದಾಗಿ, ಆತನ ವ್ರತಕ್ಕೆ ಮೊದಲ ಧಕ್ಕೆ ಬಂದುದು ಅರಮನೆಯಿಂದಲ್ಲ, ಮನೆಯೊಳಗಿನ ಆಸೆಯಿಂದ. ಗೃಹಸ್ಥನ ವ್ರತವು ಮನೆಯವರೆಲ್ಲರ ಸಹಕಾರದಿಂದ ನಿಲ್ಲುತ್ತದೆ; ಇಲ್ಲವಾದರೆ ಒಂದು ಕೈಸನ್ನೆಯಿಂದಲೂ ಕೆಡಬಹುದು.

ಶಕ್ತಿಗೆ ತಕ್ಕ ಮೆಟ್ಟಿಲುಗಳು

ಎಲ್ಲರೂ ಉತ್ತಮ ಪ್ರೋಷಧವನ್ನೇ ಮಾಡಬೇಕೆಂದು ಶಾಸ್ತ್ರವು ಹೇಳಿಲ್ಲ. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂಬ ಮೂರು ವಿಧಗಳನ್ನು ತಿಳಿಸಿದ್ದಾರೆ. ಉತ್ತಮದಲ್ಲಿ ಹದಿನಾರು ಪ್ರಹರಗಳ ಕಾಲ ಚತುರ್ವಿಧ ಆಹಾರದ ತ್ಯಾಗ. ಮಧ್ಯಮದಲ್ಲಿ ನೀರನ್ನು ಮಾತ್ರ ಇಟ್ಟುಕೊಂಡು ಉಳಿದ ಮೂರರ ತ್ಯಾಗ. ತಪ್ಪಿಸಲಾಗದ ಮಹತ್ತ್ವದ ಕಾರ್ಯವೊದಗಿದರೆ, ಸಾವದ್ಯವೂ ಆರಂಭವೂ ಇಲ್ಲದಂತೆ ಅದನ್ನು ಮಾಡಬಹುದೆಂದು ಅವರು ಅನುಮತಿಸುತ್ತಾರೆ. ಜಘನ್ಯದಲ್ಲಿ ಆಚಾಮ್ಲ, ನಿರ್ವಿಕೃತಿ, ಏಕಸ್ಥಾನ, ಏಕಭುಕ್ತ ಮುಂತಾದವು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಉಪವಾಸಕ್ಕೆ ಅಸಮರ್ಥರಾದವರು ನೀರನ್ನು ಸ್ವೀಕರಿಸುವ ಅನುಪವಾಸವನ್ನೂ, ಅದಕ್ಕೂ ಅಸಮರ್ಥರಾದವರು ಆಚಾಮ್ಲಾದಿಗಳನ್ನೂ ಮಾಡಲೆಂದು ವಿಧಿಸಿದ್ದಾರೆ.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಲಾಗಿದೆ. ಸಮಂತಭದ್ರರು ಪ್ರೋಷಧ ಪ್ರತಿಮೆಯನ್ನು ಹೇಳುವಾಗ, ಮಾಸದ ನಾಲ್ಕು ಪರ್ವಗಳಲ್ಲಿಯೂ ತನ್ನ ಶಕ್ತಿಯನ್ನು ಮರೆಮಾಡದೆ ನಿಯಮವನ್ನು ನಡೆಸಬೇಕೆನ್ನುತ್ತಾರೆ. ಶಕ್ತಿಯನ್ನು ಮೀರಬಾರದು, ಇರುವ ಶಕ್ತಿಯನ್ನು ಬಚ್ಚಿಡಲೂ ಬಾರದು. ಈ ಎರಡು ಮಾತುಗಳನ್ನು ಕೈದೀಪಗಳಂತೆ ಹಿಡಿದು ನೋಡಿದರೆ ಇಂದಿನ ಮನೆಯ ಪ್ರಶ್ನೆಗಳಿಗೆ ದಾರಿ ಕಾಣುತ್ತದೆ.

ನೌಕರಿಯಲ್ಲಿರುವ ಶ್ರಾವಕನು ಬುಧವಾರದ ಅಷ್ಟಮಿಯಂದು ಕಛೇರಿಗೆ ಹೋಗಲೇಬೇಕಾದರೆ ಅನುಪವಾಸವನ್ನಾಗಲಿ ಏಕಭುಕ್ತವನ್ನಾಗಲಿ ಇಟ್ಟುಕೊಳ್ಳಬಹುದು. ಬೆಳಿಗ್ಗೆ ಜಿನದರ್ಶನ, ಸಂಜೆ ಸಾಮಾಯಿಕ, ರಾತ್ರಿ ಸ್ವಾಧ್ಯಾಯಗಳನ್ನು ನಿಯಮಿಸಿಕೊಂಡು, ಕಛೇರಿಯ ಕರ್ತವ್ಯವೊಂದನ್ನು ಬಿಟ್ಟು ಉಳಿದ ಕೊಳ್ಳುವಿಕೆ, ತಿರುಗಾಟ, ವಿನೋದಗಳನ್ನು ಅಂದು ತೊರೆಯಬಹುದು. ಅಷ್ಟಾಹ್ನಿಕ, ದಶಲಕ್ಷಣಗಳಂಥ ಮಹಾಪರ್ವಗಳಿಗೆ ವರ್ಷದ ಆರಂಭದಲ್ಲಿಯೇ ರಜೆಯನ್ನು ಗೊತ್ತುಮಾಡಿ ಇಟ್ಟುಕೊಳ್ಳುವುದು ವಿವೇಕ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಸಾತ್ತ್ವಿಕವಾದ ಊಟ, ಸೂರ್ಯಾಸ್ತದೊಳಗೆ ಭೋಜನ, ಒಂದು ಇಷ್ಟವಸ್ತುವಿನ ತ್ಯಾಗ, ಇವು ಸಾಕು. ವೃದ್ಧರು, ಗರ್ಭಿಣಿಯರು, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರ ಸಲಹೆಯನ್ನು ಮೀರಿ ಉಪವಾಸ ಮಾಡುವುದು ತಪಸ್ಸಲ್ಲ; ಅವರಿಗೆ ರಸತ್ಯಾಗವೂ ಮೌನವೂ ಸ್ವಾಧ್ಯಾಯವೂ ತಕ್ಕ ವ್ರತಗಳು.

ಬೆಳಗಾವಿ ಮೊದಲಾದ ಕಡೆಗಳಲ್ಲಿ ಬೇಸಾಯವನ್ನೇ ನಂಬಿದ ಜೈನ ಮನೆತನಗಳು ಬಹಳ. ಕೃಷಿಯು ಶಾಸ್ತ್ರಸಮ್ಮತವಾದ ಜೀವನೋಪಾಯ. ಆದರೂ ಉಳುವುದು, ಹೊಲದ ಕಸಕ್ಕೆ ಬೆಂಕಿಯಿಡುವುದು, ಕೀಟನಾಶಕ ಸಿಂಪಡಿಸುವುದು, ಇವುಗಳನ್ನು ಪರ್ವದ ದಿನ ಬಿಡಬೇಕು. ದನಗಳಿಗೆ ಮೇವು ನೀರು ಕೊಡುವುದನ್ನು ಬಿಡಬಾರದು. ಅನ್ನಪಾನಗಳನ್ನು ತಡೆಯುವುದೂ ಅಹಿಂಸಾಣುವ್ರತದ ಅತಿಚಾರ.

ಮಾಡಿಸುವುದೂ ಆರಂಭವೇ

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ವಿಧ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು, ಮೂರೂ ಬಂಧಕ್ಕೆ ಕಾರಣ. ಅಂಗಡಿಯ ಯಜಮಾನನು ಚತುರ್ದಶಿಯಂದು ಬಸದಿಯಲ್ಲಿ ಕುಳಿತು, ಅಂಗಡಿಯಲ್ಲಿ ಆಳುಗಳಿಂದ ಎಂದಿಗಿಂತ ಹೆಚ್ಚು ದುಡಿಸಿದರೆ ಆರಂಭವು ಬಿಟ್ಟುಹೋಗಲಿಲ್ಲ, ಕೈ ಬದಲಾಯಿತಷ್ಟೆ.

ಮನೆಯೊಳಗೂ ಇದೇ ನಡೆಯುತ್ತದೆ. ಪರ್ವದ ದಿನ ಮನೆಯ ಗಂಡಸರು ಉಪವಾಸವಿರುವರು. ಮರುದಿನದ ಪಾರಣೆಗೆ ನಾಲ್ಕಾರು ಬಗೆಯ ಅಡಿಗೆಯಾಗಬೇಕು. ಧಾನ್ಯ ಶೋಧಿಸುವುದು, ನೀರು ಸೋಸುವುದು, ರುಬ್ಬುವುದು, ಬೇಯಿಸುವುದು ಎಲ್ಲವೂ ಗೃಹಿಣಿಯ ಪಾಲು. ಅವಳೂ ಉಪವಾಸವಿದ್ದರಂತೂ ಅವಳಿಗೆ ಸಾಮಾಯಿಕಕ್ಕೆ ಎರಡು ಘಳಿಗೆಯೂ ದೊರೆಯದು. ಪರ್ವವು ಶ್ರಾವಕನಿಗೆ ಎಷ್ಟೋ ಶ್ರಾವಿಕೆಗೂ ಅಷ್ಟೇ. ಆದುದರಿಂದ ಶೋಧನೆಯ ಕೆಲಸಗಳನ್ನು ಹಿಂದಿನ ದಿನವೇ ಎಲ್ಲರೂ ಕೂಡಿ ಮುಗಿಸುವುದು, ಪಾರಣೆಯನ್ನು ಗಂಜಿ, ಅನ್ನ, ಬೇಳೆಗಳ ಸರಳ ಊಟವಾಗಿ ಇಟ್ಟುಕೊಳ್ಳುವುದು, ಬಡಿಸುವ, ತೊಳೆಯುವ ಕೆಲಸಗಳಲ್ಲಿ ಗಂಡಸರೂ ಮಕ್ಕಳೂ ಪಾಲುಗೊಳ್ಳುವುದು ವ್ರತದ ಅಂಗವೇ ಎಂದು ತಿಳಿಯತಕ್ಕದ್ದು. ಪಾತ್ರಕ್ಕೆ ಆಹಾರದಾನ ಮಾಡುವ ಸಂದರ್ಭ ಒದಗಿದರೆ ಅದು ಬೇರೆ. ಆ ಭಾಗ್ಯದಲ್ಲಿಯೂ ಮನೆಯವರೆಲ್ಲ ಕೈಜೋಡಿಸಬೇಕು.

ಭಾನುವಾರದ ಸ್ಥಾನ

ಹಾಗಾದರೆ ಭಾನುವಾರಕ್ಕೆ ಸ್ಥಾನವೆಲ್ಲಿ? ಭಾನುವಾರ ಉಪವಾಸ ಮಾಡಿದರೆ ದೋಷವಿಲ್ಲ. ಯಾವ ದಿನ ಮಾಡಿದ ತಪಸ್ಸೂ ತಪಸ್ಸೇ. ಆದರೆ ಅದು ಅಷ್ಟಮಿಯ ಪ್ರೋಷಧವಾಗದು. ಭಾನುವಾರವನ್ನು ಪರ್ವದ ಬದಲಿಯಾಗಿ ಅಲ್ಲ, ಸಹಾಯಕವಾಗಿ ಬಳಸಬೇಕು. ವಾರದ ಬಿಡುವಿನಲ್ಲಿ ಬಸದಿಯ ಪಾಠಶಾಲೆ, ಸಾಮೂಹಿಕ ಸ್ವಾಧ್ಯಾಯ, ಊರಲ್ಲ ಊರಿನಲ್ಲಿರುವ ತ್ಯಾಗಿಗಳ ದರ್ಶನಗಳನ್ನು ನಡೆಸಿದರೆ, ನಡುವಾರದ ಪರ್ವವನ್ನು ಆಚರಿಸುವ ತಿಳಿವು ಬಲಗೊಳ್ಳುತ್ತದೆ. ಇಂದು ಅನೇಕ ಮನೆಗಳಲ್ಲಿ ಭಾನುವಾರವೇ ಹೆಚ್ಚು ಆರಂಭದ ದಿನವಾಗಿದೆ: ಸಂತೆ, ಬಟ್ಟೆ ಒಗೆಯುವುದು, ವಿಶೇಷ ಅಡಿಗೆ, ನೆಂಟರ ಸತ್ಕಾರ, ಸಮಾರಂಭಗಳು. ಅಂಥ ದಿನಕ್ಕೆ ಉಪವಾಸವನ್ನು ಸರಿಸಿದರೆ ವ್ರತಕ್ಕೆ ಎಡೆ ದೊರೆಯುವುದು ಕಷ್ಟ.

ಪ್ರೋಷಧದ ಐದು ಅತಿಚಾರಗಳಲ್ಲಿ ಮೂರು, ನೋಡದೆ ಗುಡಿಸದೆ ವಸ್ತುಗಳನ್ನು ಎತ್ತುವ, ಬಿಡುವ, ಹಾಸುವ ವಿಷಯವಾದವು. ಉಳಿದೆರಡು ಅನಾದರ ಮತ್ತು ಅಸ್ಮರಣ. ಅನಾದರವೆಂದರೆ ವ್ರತದಲ್ಲಿ ಉತ್ಸಾಹವಿಲ್ಲದಿರುವುದು. ಅಸ್ಮರಣವೆಂದರೆ ಅದನ್ನು ಮರೆಯುವುದು. ವಾರದ ಎಣಿಕೆಯೊಂದೇ ಮನೆಯಲ್ಲಿ ಉಳಿದರೆ ಮೊದಲು ಬರುವ ಕೇಡು ಈ ಮರೆವು. ಇಂದು ಯಾವ ತಿಥಿ ಎಂದು ಕೇಳಿದರೆ ಉತ್ತರಿಸಬಲ್ಲವರು ಮನೆಯಲ್ಲಿ ಯಾರೂ ಇಲ್ಲವಾದ ಮೇಲೆ ಉಪವಾಸ ಮಾಡುವ ಶಕ್ತಿಯಿದ್ದೂ ಪ್ರಯೋಜನವಿಲ್ಲ. ಆದಕಾರಣ ಉಪವಾಸವಿರಲು ಆಗದವರೂ ಪರ್ವತಿಥಿಯನ್ನು ಮರೆಯದಿರಲಿ. ಸಪ್ತಮಿಯ ಸಂಜೆಯೂ ತ್ರಯೋದಶಿಯ ಸಂಜೆಯೂ ನಾಳೆ ಪರ್ವವೆಂದು ಮನೆಯ ಹಿರಿಯರೊಬ್ಬರು ನೆನಪಿಸಲಿ. ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ಒಂದು ನಿಯಮವನ್ನು ಆಗಲೇ ಹೇಳಿಕೊಳ್ಳಲಿ. ಒಂದು ದಿನದ ಹಸಿರು ತರಕಾರಿಯ ತ್ಯಾಗವಾದರೂ ತಿಥಿಯರಿತು ಮಾಡಿದಾಗ ವ್ರತವಾಗುತ್ತದೆ. ಯಮಪಾಲನಲ್ಲಿ ಇದ್ದುದೂ ಅಷ್ಟೇ: ಚತುರ್ದಶಿಯ ನೆನಪು, ಮತ್ತು ಅದನ್ನು ಬಿಡದ ಮನಸ್ಸು.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ವಾರಕ್ಕೂ ತಿಥಿಗೂ ಇರುವ ಭೇದವೇನು? ಈ ಮಾಸದ ನಾಲ್ಕು ಪರ್ವಗಳು ಯಾವ ವಾರಗಳಲ್ಲಿ ಬಂದಿವೆ?

೨. ಪ್ರೋಷಧೋಪವಾಸ ಶಬ್ದಕ್ಕೆ ಸಮಂತಭದ್ರರೂ ಪೂಜ್ಯಪಾದರೂ ಹೇಳಿದ ಅರ್ಥಗಳನ್ನು ಹೋಲಿಸಿರಿ.

೩. ಹದಿನಾರು ಪ್ರಹರಗಳನ್ನು ಎಣಿಸಿ ತೋರಿಸಿರಿ.

೪. ಕೃತ, ಕಾರಿತ, ಅನುಮೋದಿತಗಳಿಗೆ ನಿಮ್ಮ ಮನೆಯ ಪರ್ವದಿನದಿಂದ ಒಂದೊಂದು ಉದಾಹರಣೆ ಕೊಡಿರಿ.

೫. ಮುಂದಿನ ಅಷ್ಟಮಿಯಂದು ಮನೆಯ ಪ್ರತಿಯೊಬ್ಬರೂ ಬಿಡಬಹುದಾದ ಒಂದು ಆರಂಭ ಯಾವುದು?